ಬ್ರೇಕ್ ಸಾಬರ ಮಗಳು ಕಟ್ಟಿದ ಕಾರು

ಹುಣಸೂರಿನಲ್ಲಿ ನಮ್ಮ ಅಬ್ಬಾನ ಹೆಸರು ಗೊತ್ತಿದ್ದವರು ಕಡಿಮೆ. ಬ್ರೇಕ್ ಸಾಬರ ಗ್ಯಾರೇಜು ಎಲ್ಲಿ ಅಂದರೆ ಬಸ್ ಸ್ಟ್ಯಾಂಡಿನ ಹಣ್ಣಿನ ಗಾಡಿಯವರೂ ಕೈ ತೋರಿಸುತ್ತಿದ್ದರು. ಎಂಜಿನ್ ಬಿಚ್ಚಿ ಕಟ್ಟುವವರು ಊರಲ್ಲಿ ಹತ್ತು ಮಂದಿ ಇದ್ದರು. ಬ್ರೇಕಿನ ಕೆಲಸಕ್ಕೆ ಮಾತ್ರ ಎಚ್.ಡಿ. ಕೋಟೆಯಿಂದಲೂ ಪಿರಿಯಾಪಟ್ಟಣದಿಂದಲೂ ಜನ ಅಬ್ಬಾನನ್ನೇ ಹುಡುಕಿಕೊಂಡು ಬರುತ್ತಿದ್ದರು. ಅಬ್ಬಾ ಚಪ್ಪಲಿ ಬಿಟ್ಟು ಡ್ರೈವರ್ ಸೀಟಿನಲ್ಲಿ ಕೂತು, ಬರಿಗಾಲಲ್ಲಿ ಪೆಡಲ್ ಒತ್ತಿ, ಲೈನಿನಲ್ಲಿ ಗಾಳಿ ಸೇರಿದೆಯೋ, ಸಿಲಿಂಡರಿನ ರಬ್ಬರು ಹೋಗಿದೆಯೋ ಅಲ್ಲೇ ಹೇಳುತ್ತಿದ್ದರು. ಮನೆಮಾತು ಉರ್ದುವಾದರೂ ಕೆಲಸದ ಮಾತನ್ನೆಲ್ಲ ನನ್ನೊಡನೆ ಕನ್ನಡದಲ್ಲೇ ಆಡುತ್ತಿದ್ದರು. ನಾನು ಒಬ್ಬಳೇ ಮಗಳು. ಶಾಲೆ ಬಿಟ್ಟ ಮೇಲೆ ಗ್ಯಾರೇಜಿನ ಹಳೇ ಸೀಟಿನ ಮೇಲೆ ಕೂತು ಲೆಕ್ಕ ಮಾಡಿ, ಆಮೇಲೆ ವೈರು ಸುಲಿಯುತ್ತ ಬೆಳೆದವಳು. ಮುಂದೆ ಐಟಿಐ ಸೇರಿ ಎಲೆಕ್ಟ್ರಾನಿಕ್ಸ್ ಓದಿದ್ದೂ ಆ ವೈರುಗಳ ರುಚಿ ಹತ್ತಿದ್ದರಿಂದಲೇ.

ಆ ಅಬ್ಬಾನನ್ನು ಒಬ್ಬ ಮನುಷ್ಯ ಇಪ್ಪತ್ತು ಜನರ ಎದುರು ನಿಲ್ಲಿಸಿ ಮರ್ಯಾದೆ ಕಳೆದ. ಆ ಅವಮಾನವನ್ನು ನಾನು ಆತನಿಗೆ ಹಿಂದಿರುಗಿಸಿದೆ. ಹೇಗೆಂದು ಹೇಳುತ್ತೇನೆ. ಕ್ಷಮಿಸಿಬಿಟ್ಟೆ ಅಂತ ಮಾತ್ರ ಎಲ್ಲೂ ಬರೆಯುವುದಿಲ್ಲ.

ಆತ ಕೆ.ಆರ್. ನಗರದ ಒಂದು ರೈಸ್ ಮಿಲ್ಲಿನ ಸಾಹುಕಾರ. ಬೆಂಗಳೂರಿನಲ್ಲಿ ಯಾರಿಂದಲೋ ಒಂದು ಹಳೆಯ ಜಪಾನಿ ಸ್ಪೋರ್ಟ್ಸ್ ಕಾರು ಕೊಂಡುತಂದಿದ್ದ. ಕೆಂಪು ಬಣ್ಣ, ಎರಡೇ ಸೀಟು, ಹಿಂದಕ್ಕೆ ಮಡಚುವ ಬಟ್ಟೆಯ ಹುಡ್ಡು. ದೀಪಗಳು ಬಾನೆಟ್ಟಿನೊಳಗೆ ಅಡಗಿದ್ದು, ಸ್ವಿಚ್ ಒತ್ತಿದರೆ ಮೇಲೇಳುತ್ತಿದ್ದವು. ಹುಣಸೂರಿಗೆ ಅದು ಬಂದ ದಿನ ಗ್ಯಾರೇಜಿನ ಮುಂದೆ ಜಾತ್ರೆಯೇ ಸೇರಿತ್ತು. ಅಬ್ಬಾ ಎರಡು ಸಲ ಅದರ ಬ್ರೇಕು ಮಾಡಿಕೊಟ್ಟರು. ಎರಡನೆಯ ಸಲ ಕಾರಿನಡಿಯಿಂದ ಎದ್ದು ಬಂದು, ನಾಲ್ಕೂ ಶಾಕ್ ಅಬ್ಸಾರ್ಬರುಗಳಲ್ಲಿ ಆಯಿಲ್ ಸೋರುತ್ತಿದೆ, ಚಕ್ರದ ತೋಳುಗಳ ಕೀಲಿನಲ್ಲಿರುವ ಬುಷ್‌ಗಳ ರಬ್ಬರು ಪುಡಿಯಾಗಿದೆ, ಬದಲಾಯಿಸದೆ ಜೋರಾಗಿ ಓಡಿಸಬೇಡಿ ಎಂದು ಹೇಳಿದರು. ಸಾಹುಕಾರ ನಕ್ಕ.

"ಬ್ರೇಕ್ ಹಿಡೀತದಾ ಇಲ್ವಾ, ಅಷ್ಟೇಳಿ ಸಾಬ್ರೇ."

"ಹಿಡೀತದೆ ಸಾಹುಕಾರ್ರೇ. ಆದ್ರೆ ಟೈರು ನೆಲದ ಮೇಲೆ ಇರಬೇಕಲ್ಲ," ಅಂದರು ಅಬ್ಬಾ.

ಇದಾಗಿ ತಿಂಗಳಿಗೆ, ಜನವರಿಯಲ್ಲಿ, ಕೆ.ಆರ್. ನಗರದಿಂದ ಹುಣಸೂರಿನ ಕಡೆ ಹೋಗುವ ರಸ್ತೆಯಲ್ಲಿ ಕೆರೆ ಏರಿ ಇಳಿದ ಮೇಲೆ ಬರುವ ತಿರುವಿನಲ್ಲಿ ಆ ಕಾರು ಮೋರಿಯ ಗೋಡೆಗೆ ಹೊಡೆಯಿತು. ಹುರುಳಿ ಒಕ್ಕಣೆಯ ಕಾಲ. ನಮ್ಮ ಕಡೆ ರೈತರು ಬಳ್ಳಿಯನ್ನು ಟಾರಿನ ಮೇಲೇ ಹರಡುತ್ತಾರೆ. ಲಾರಿ ಬಸ್ಸು ಓಡಾಡಿ ಕಾಳು ಬಿಡಿಸಿಕೊಡುತ್ತವೆ. ಸಾಹುಕಾರ ತಿರುವಿಗೆ ಬಂದ ವೇಗದಲ್ಲಿ ಹುರುಳಿ ಕಂಡು ಗಾಬರಿಯಾಗಿ ಬ್ರೇಕ್ ಒತ್ತಿದ್ದಾನೆ, ಕಾರು ತಿರುಗದೆ ನೇರ ಹೋಗಿದೆ. ಆತನಿಗೆ ಹಣೆ ತರಚಿತ್ತು ಅಷ್ಟೆ. ಪಕ್ಕದಲ್ಲಿ ಕೂತಿದ್ದ ಅಕ್ಕನ ಮಗನ ಕೈ ಎರಡು ಕಡೆ ಮುರಿಯಿತು.

ಮಾರನೆಯ ದಿನ ಬೆಳಗಿನ ಚಹಾದ ಹೊತ್ತಿಗೆಲ್ಲ ಬ್ರೇಕ್ ಸಾಬರು ಮಾಡಿದ ಬ್ರೇಕು ಫೇಲಾಯಿತಂತೆ ಎಂಬ ಮಾತು ಹುಣಸೂರು ತಲುಪಿತ್ತು. ಅಬ್ಬಾ ಗ್ಯಾರೇಜಿಗೆ ಬೀಗ ಹಾಕಿ ನನ್ನನ್ನೂ ಕರೆದುಕೊಂಡು ಬಸ್ಸು ಹತ್ತಿದರು. ತಿರುವಿನಲ್ಲಿ ಇಳಿದೆವು. ಹುರುಳಿ ಶುರುವಾಗುವ ಜಾಗದ ತನಕ ಟಾರಿನ ಮೇಲೆ ಎರಡು ಕಪ್ಪು ಗೆರೆಗಳಿದ್ದವು, ಅಲ್ಲಿಂದಾಚೆ ಬಳ್ಳಿ ಉಜ್ಜಿಕೊಂಡು ಹೋಗಿ ಮೋರಿಯ ಹತ್ತಿರ ಗುಡ್ಡೆಯಾಗಿತ್ತು. ಗೆರೆಗಳು ಒಂದೇ ಸಮನೆ ಇರಲಿಲ್ಲ. ಗೇಣು ಗೇಣಿಗೆ ಕಡಿದು ಕಡಿದು ಬಿದ್ದಿದ್ದವು. ಅಬ್ಬಾ ಕುಕ್ಕರುಗಾಲಲ್ಲಿ ಕೂತು ಆ ಗೆರೆಯ ಮೇಲೆ ಬೆರಳಾಡಿಸಿದರು. ಬ್ರೇಕ್ ಫೇಲಾದ ಕಾರು ಗೆರೆ ಬಿಡುವುದಿಲ್ಲ. ಬ್ರೇಕು ಹಿಡಿದು, ಚಕ್ರ ಪೂರ್ತಿ ಬಿಗಿದು ನಿಂತಿದ್ದಕ್ಕೇ ಗೆರೆ ಬಿದ್ದಿತ್ತು. ಶಾಕ್ ಅಬ್ಸಾರ್ಬರ್ ಸತ್ತು ಟೈರು ಪುಟಿದದ್ದಕ್ಕೇ ಅದು ಕಡಿದಿತ್ತು. ನನಗಾಗ ಹತ್ತೊಂಬತ್ತು ವರ್ಷ. ಅಷ್ಟು ನನಗೂ ಓದಲು ಬರುತ್ತಿತ್ತು.

ಅಲ್ಲಿಂದ ಮಿಲ್ಲಿಗೆ ಹೋದೆವು. ಇದನ್ನೇ ಹೇಳಲೆಂದು ಅಬ್ಬಾ ಬಾಯಿ ತೆರೆಯುವ ಮೊದಲೇ ಸಾಹುಕಾರ ಎರಡು ದಾರಿ ಮುಂದಿಟ್ಟ. ಒಂದೋ ಪೊಲೀಸರಿಗೆ ದೂರು ಕೊಡುತ್ತೇನೆ, ಇಲ್ಲವೋ ಇಲ್ಲೇ ಎಲ್ಲರ ಎದುರು ನಿಂತು ತಪ್ಪು ನನ್ನದು ಅಂತ ಹೇಳಿ. ಆತನ ಅಕ್ಕ ಮಿಲ್ಲಿಗೆ ಅಂಟಿದ ಮನೆಯ ಬಾಗಿಲಲ್ಲಿ ನಿಂತು ಅಳುತ್ತಿದ್ದರು. ಭತ್ತ ತಂದಿದ್ದ ರೈತರು, ಹಮಾಲಿಗಳು, ಗುಮಾಸ್ತರು ಎಲ್ಲ ಸುತ್ತ ಸೇರಿದ್ದರು. ಅಬ್ಬಾ ಠಾಣೆಯ ಮೆಟ್ಟಿಲು ಹತ್ತಿದವರಲ್ಲ. ಒಂದು ಮಾತಿಗೆ ಮುಗಿಯುತ್ತದಲ್ಲ ಅಂದುಕೊಂಡರೋ ಏನೋ, ತಲೆಯ ಟೋಪಿ ಸರಿಮಾಡಿಕೊಂಡು, "ತಪ್ಪಾಗಿದೆ, ನನ್ನ ಕೈಯಿಂದಾನೇ ಆಗಿದೆ," ಅಂದುಬಿಟ್ಟರು. ನಾನು ತೌಡಿನ ಚೀಲಗಳ ಪಕ್ಕ ನಿಂತು ನೋಡಿದೆ. ಯಾರೋ ಒಬ್ಬ, ಸಾಬ್ರಿಗೆ ವಯಸ್ಸಾಯ್ತು ಬುಡಿ, ಅಂದ. ಅದು ಬೈಗುಳಕ್ಕಿಂತ ಹೆಚ್ಚು ಚುಚ್ಚಿತು.

ಮುಗಿಯಲಿಲ್ಲ. ಮೊದಲು ಬಸ್ಸಿನವರು ಬಿಟ್ಟರು, ಆಮೇಲೆ ಟ್ರ್ಯಾಕ್ಟರಿನವರು. ಒಂದು ವರ್ಷದೊಳಗೆ ಗ್ಯಾರೇಜು ಮುಚ್ಚಿತು. ಅಬ್ಬಾ ಮನೆಯ ಜಗುಲಿಯಲ್ಲಿ ಕೂತು ಮಿಕ್ಸಿ, ಗ್ಯಾಸ್ ಸ್ಟವ್ ರಿಪೇರಿ ಮಾಡತೊಡಗಿದರು. ಕುಕ್ಕರಿನ ಹಿಡಿಗೆ ಸ್ಕ್ರೂ ಹಾಕುವಾಗಲೂ ಅದೇ ಶ್ರದ್ಧೆ.

ಮುಂದೆ ನನ್ನ ಮದುವೆಯಾದದ್ದು ಕೆ.ಆರ್. ನಗರಕ್ಕೇ. ಗಂಡನದು ಲೇತ್ ಅಂಗಡಿ. ಆ ಅಂಗಡಿಯ ಮುಂಭಾಗದಲ್ಲಿ ನಾನು ಕಾರುಗಳ ವೈರಿಂಗ್, ಸ್ಕ್ಯಾನಿಂಗ್ ಕೆಲಸ ಇಟ್ಟುಕೊಂಡೆ. ಮಿಲ್ಲಿನ ಶಾಫ್ಟು, ಪುಲ್ಲಿಗಳೆಲ್ಲ ನನ್ನ ಗಂಡನ ಹತ್ತಿರವೇ ಬರುತ್ತಿದ್ದವು. ಸಾಹುಕಾರನ ಹೊಗೆಕೊಳವೆ ನಮ್ಮ ಬಾಗಿಲಿಂದ ಕಾಣುತ್ತಿತ್ತು. ದಿನಾ ಬೆಳಗ್ಗೆ ಶಟರ್ ಎತ್ತಿದರೆ ಮೊದಲು ಕಾಣುವುದು ಅದೇ. ಲೇತಿನವನ ಹೆಂಡತಿ ಯಾರ ಮಗಳು ಅಂತ ಆತ ಎಂದೂ ಕೇಳಲಿಲ್ಲ.

ಒಂದು ಮಧ್ಯಾಹ್ನ ಊಟಕ್ಕೆ ಕೂತಾಗ ಗಂಡ ಅಂದರು: ಮಿಲ್ಲಿನ ಶೆಡ್ಡು ಖಾಲಿ ಮಾಡಿದ್ದಾರೆ, ಹಳೇ ಮೆಷಿನ್ನುಗಳ ಜೊತೆಗೆ ಆ ಕೆಂಪು ಕಾರನ್ನೂ ಪಿರಿಯಾಪಟ್ಟಣದ ಗುಜರಿಯವರು ಎತ್ತಿಕೊಂಡು ಹೋದರು. ನಾನು ತುತ್ತು ಕೆಳಗಿಟ್ಟೆ. ಏಳು ವರ್ಷದಿಂದ ಏನು ಬೇಕು ಅಂತ ಗೊತ್ತಿರಲಿಲ್ಲ, ಆ ಕ್ಷಣಕ್ಕೆ ಗೊತ್ತಾಯಿತು. ಆ ಕಾರು ನನಗೆ ಬೇಕು ಅಂದೆ. ಗಂಡ, ಮಿಲ್ಲಿನ ಕೆಲಸ ಹೋಗುತ್ತದೆ ಅನ್ನುವುದು ನಿನಗೆ ಗೊತ್ತಿರಲಿ ಅಂತ ಹೇಳಿ ಕೈ ತೊಳೆದರು. ಮಾರನೆಯ ದಿನ ಅವರೇ ಪಿರಿಯಾಪಟ್ಟಣಕ್ಕೆ ಹೋಗಿ ಟ್ರ್ಯಾಕ್ಟರಿನ ಹಿಂದೆ ಕಟ್ಟಿಸಿಕೊಂಡು ತಂದರು.

ಕಾರಿನ ಮೂತಿ ಜಜ್ಜಿತ್ತು, ಸೀಟಿನೊಳಗೆ ಇಲಿ ಮರಿ ಹಾಕಿತ್ತು. ಎಂಜಿನ್ನಿಗೆ ಏನೂ ಆಗಿರಲಿಲ್ಲ. ನಾನು ಮೊದಲು ಬಿಚ್ಚಿದ್ದು ಬ್ರೇಕು. ಅಬ್ಬಾ ಹಾಕಿದ್ದ ಪ್ಯಾಡುಗಳು, ಹೋಸ್‌ಗಳು ಹಾಗೇ ಇದ್ದವು. ಒಂದು ಜಾಯಿಂಟಿನಲ್ಲೂ ಸೋರಿಕೆ ಇರಲಿಲ್ಲ. ಅದನ್ನೆಲ್ಲ ಒಂದು ಬಟ್ಟೆಯಲ್ಲಿ ಸುತ್ತಿ ಕಪಾಟಿನಲ್ಲಿಟ್ಟೆ.

ಹಳೆಯದನ್ನು ಹಾಗೇ ಕಟ್ಟಿದರೆ ನನ್ನ ಹಟ ತೀರುತ್ತಿರಲಿಲ್ಲ. ಅದೇ ಕಾರು, ಅದೇ ತಿರುವು, ಅದೇ ಹುರುಳಿಯ ಮೇಲೆ ಬ್ರೇಕ್ ಒತ್ತಿಯೂ ತಿರುಗಿಕೊಂಡು ಹೋಗಬೇಕು, ಅದನ್ನು ಆತ ಒಳಗೆ ಕೂತು ಅನುಭವಿಸಬೇಕು. ಅದಕ್ಕೆ ಎಬಿಎಸ್ ಬೇಕಿತ್ತು. ಚಕ್ರ ಬಿಗಿದು ನಿಂತರೆ ಸ್ಟೀರಿಂಗ್ ಎಷ್ಟು ತಿರುಗಿಸಿದರೂ ಕಾರು ಕೇಳುವುದಿಲ್ಲ. ಎಬಿಎಸ್ ಇದ್ದರೆ ಚಕ್ರ ನಿಲ್ಲುವ ಹಂತಕ್ಕೆ ಬಂದ ಕೂಡಲೇ ಆ ಒಂದು ಚಕ್ರದ ಬ್ರೇಕನ್ನು ಸಡಿಲಿಸಿ, ಮತ್ತೆ ಹಿಡಿದು, ಕಣ್ಣು ಮಿಟುಕಿಸುವುದರೊಳಗೆ ಹಲವು ಸಲ ಹೀಗೇ ಮಾಡುತ್ತದೆ. ಚಕ್ರ ಉರುಳುತ್ತಲೇ ಇರುವುದರಿಂದ ಕಾರು ಹೇಳಿದ ಕಡೆ ತಿರುಗುತ್ತದೆ.

ಕೊಪ್ಪದ ಹತ್ತಿರ ಪಲ್ಟಿ ಹೊಡೆದು ಮೇಲ್ಭಾಗವೆಲ್ಲ ಚಪ್ಪಟೆಯಾದ ಒಂದು ಕಾರು ಅದೇ ಗುಜರಿಯಲ್ಲಿತ್ತು. ಅದಕ್ಕೆ ಎಬಿಎಸ್ ಇತ್ತು, ತೂಕವೂ ಹೆಚ್ಚುಕಡಿಮೆ ನಮ್ಮ ಕಾರಿನಷ್ಟೇ. ಅದರ ಕಂಪ್ಯೂಟರು ಹಳೆಯ ತರಹದ್ದು. ಎಂಜಿನ್ನಿನ ಕಂಪ್ಯೂಟರಿನ ಜೊತೆ ಮಾತಾಡಲೇಬೇಕೆಂಬ ಹಟ ಅದಕ್ಕಿರಲಿಲ್ಲ. ಬ್ರೇಕ್ ಆಯಿಲನ್ನು ನಾಲ್ಕು ಚಕ್ರಕ್ಕೆ ಹಂಚುವ ಪೆಟ್ಟಿಗೆ, ಮಾಸ್ಟರ್ ಸಿಲಿಂಡರು, ಚಕ್ರದ ವೇಗ ಅಳೆಯುವ ನಾಲ್ಕು ಸೆನ್ಸರು, ಚಕ್ರದ ಜೊತೆ ತಿರುಗುವ ಹಲ್ಲಿನ ರಿಂಗುಗಳು, ವೈರಿನ ಗೊಂಚಲು, ಎಲ್ಲವನ್ನೂ ಬಿಚ್ಚಿ ತಂದೆ. ರಿಂಗುಗಳು ನಮ್ಮ ಕಾರಿನ ಚಕ್ರದ ನಡುವಿನ ಹಬ್‌ಗೆ ಕೂರಲಿಲ್ಲ. ಗಂಡ ಲೇತಿನಲ್ಲಿ ಅವುಗಳ ಒಳಸುತ್ತನ್ನು ಕೂದಲೆಳೆಯಷ್ಟು ಕೂದಲೆಳೆಯಷ್ಟೇ ತೆಗೆದು, ಬಿಸಿ ಮಾಡಿ ಕೂರಿಸಿದರು. ಒಂದು ರಿಂಗು ಸೀಳಿಹೋಯಿತು. ಮತ್ತೊಂದಕ್ಕಾಗಿ ಹದಿನೈದು ದಿನ ಅಲೆದೆವು. ಹಲ್ಲಿಗೂ ಸೆನ್ಸರಿಗೂ ನಡುವೆ ಒಂದು ಮಿಲಿಮೀಟರಿಗಿಂತ ಕಡಿಮೆ ಸಂದು ಇರಬೇಕು. ಸೆನ್ಸರನ್ನು ಅಲ್ಲಾಡದಂತೆ ಹಿಡಿದಿಡುವ ಪಟ್ಟಿಗಳನ್ನು ಗಂಡ ಮೂರು ಸಲ ಮಾಡಿ ಮೂರು ಸಲ ಬಿಸಾಡಿದರು. ನಾನು ಕೇಳಿದ್ದಕ್ಕೆ ಅಷ್ಟೆಲ್ಲ ಮಾಡಿದವರು ಒಮ್ಮೆಯೂ ಯಾಕೆ ಎಂದು ಕೇಳಲಿಲ್ಲ.

ಶಾಕ್ ಅಬ್ಸಾರ್ಬರು, ಸ್ಪ್ರಿಂಗು ಹೊಸವು ತರಿಸಿದೆ. ಗಡುಸನ್ನು ಹೆಚ್ಚುಕಡಿಮೆ ಮಾಡಬಹುದಾದ ಬಗೆ. ಬುಷ್‌ಗಳನ್ನೆಲ್ಲ ಪ್ರೆಸ್ಸಿನಲ್ಲಿ ಒತ್ತಿ ತೆಗೆದು ಹೊಸವನ್ನು ಹಾಕಿದೆವು. ಹಳೆಯ ಬುಷ್ ಕೈಯಲ್ಲಿ ಹಿಡಿದರೆ ಉದುರುತ್ತಿತ್ತು. ಇದನ್ನೇ ಅಲ್ಲವೇ ಅಬ್ಬಾ ಹೇಳಿದ್ದು ಅಂತ ಪ್ರತಿ ಬುಷ್ ತೆಗೆಯುವಾಗಲೂ ಹಲ್ಲು ಕಡಿಯುತ್ತಿದ್ದೆ. ಜನ ಕಾರುಗಳನ್ನು ಪ್ರೀತಿಯಿಂದ ಕಟ್ಟುತ್ತಾರಂತೆ. ನನ್ನ ಮಟ್ಟಿಗೆ ಅದರ ಒಂದೊಂದು ಬೋಲ್ಟನ್ನೂ ಸಿಟ್ಟಿನಲ್ಲೇ ಬಿಗಿದೆ. ಸಿಟ್ಟಿನ ಕೈ ಗಟ್ಟಿ, ಯಾವುದೂ ಸಡಿಲವಾಗಲಿಲ್ಲ.

ಪರೀಕ್ಷೆಗೆ ಎಚ್.ಡಿ. ಕೋಟೆ ಹತ್ತಿರದ ಹ್ಯಾಂಡ್‌ಪೋಸ್ಟ್ ಊರು ದಾಟಿ ಹೊಲಗಳ ನಡುವೆ ಹೋಗುವ ಒಂದು ಖಾಲಿ ರಸ್ತೆ ಹಿಡಿದೆವು. ಗಂಡನ ಅಕ್ಕನ ಮನೆ ಆ ಕಡೆ. ಮೊದಲ ದಿನ ಬ್ರೇಕ್ ಒತ್ತಿದರೆ ಕಾರು ಎಡಕ್ಕೆ ಎಳೆದು ಗದ್ದೆಗೇ ಇಳಿಯುವಂತಾಯಿತು. ಡ್ಯಾಶ್‌ಬೋರ್ಡಿನ ಹಳದಿ ದೀಪ ಆರಲಿಲ್ಲ. ಚಕ್ರಗಳನ್ನು ಒಂದೊಂದಾಗಿ ಎತ್ತಿ ಕೈಯಿಂದ ತಿರುಗಿಸಿ ಸ್ಕ್ಯಾನರ್ ನೋಡಿದಾಗ ತಿಳಿಯಿತು: ಮುಂದಿನ ಎಡ ಬಲ ಸೆನ್ಸರುಗಳ ವೈರನ್ನು ನಾನೇ ಅದಲುಬದಲು ಕೊಟ್ಟಿದ್ದೆ. ಬಲಚಕ್ರ ಜಾರಿದರೆ ಎಡಚಕ್ರದ ಬ್ರೇಕು ಸಡಿಲವಾಗುತ್ತಿತ್ತು. ಅದನ್ನು ತಿದ್ದಿ, ರಸ್ತೆಗೆ ಮರಳು ಚೆಲ್ಲಿ, ಮತ್ತೆ ಬಂದೆ. ಪೆಡಲು ಪಾದದಡಿ ಟಕಟಕ ಅಂತ ಒದೆಯಿತು, ಕಾರು ಮರಳಿನ ಮೇಲೆಯೇ ನಾನು ಹೇಳಿದ ಕಡೆ ತಿರುಗಿತು. ಗಂಡ ದೂರದಲ್ಲಿ ನಿಂತು ಎರಡೂ ಕೈ ಎತ್ತಿದರು.

ಆಮೇಲೆ ಎಬಿಎಸ್‌ನ ಫ್ಯೂಸ್ ತೆಗೆದು ಒಬ್ಬಳೇ ಒಂದು ಸಲ ಬಂದೆ. ಚಕ್ರಗಳು ಬಿಗಿದವು, ಸ್ಟೀರಿಂಗ್ ಕೈಯಲ್ಲಿ ಸುಮ್ಮನೆ ತಿರುಗಿತು, ಕಾರು ಜಾರಿಕೊಂಡು ಬೇಲಿಯವರೆಗೂ ಹೋಯಿತು. ಆ ಮನುಷ್ಯನಿಗೆ ಅಂದು ಹೀಗೇ ಆಗಿರಬೇಕು ಅನ್ನಿಸಿ ಒಂದು ಅರೆಗಳಿಗೆ ಮರುಕ ಬಂತು. ಬಂದದ್ದಕ್ಕೆ ನನ್ನ ಮೇಲೆಯೇ ರೇಗಿತು. ಹೆದರಿದ್ದು ತಪ್ಪಲ್ಲ, ಹೆದರಿದ್ದನ್ನು ತಂದು ಅಬ್ಬಾನ ತಲೆಗೆ ಕಟ್ಟಿದ್ದು ತಪ್ಪು.

ಆರ್‌ಟಿಓ ಕಾಗದಗಳಿಗೆ ಅಲೆದಾಟ ಮುಗಿಯುವಷ್ಟರಲ್ಲಿ ಜನವರಿ ಬಂತು. ತಿರುವಿನಲ್ಲಿ ಹುರುಳಿ ಬಿತ್ತು. ಹಿಂದಿನ ದಿನವೇ ಹೋಗಿ ಬಳ್ಳಿ ಹರಡಿದ್ದ ಹೆಂಗಸನ್ನು ಕಂಡು, ನಾಳೆ ಹನ್ನೊಂದಕ್ಕೆ ಕಾರಿನಲ್ಲಿ ಬರುತ್ತೇನೆ, ಸ್ವಲ್ಪ ಜೋರಾಗಿ ಬರುತ್ತೇನೆ, ಯಾರೂ ರಸ್ತೆಯಲ್ಲಿ ಇರಬಾರದು, ಖಾಲಿ ಇದ್ದರೆ ಮೋರಿಯ ಹತ್ತಿರ ಟವಲು ಬೀಸಿ ಅಂತ ಕೇಳಿಕೊಂಡೆ. ಆಕೆ ನಕ್ಕು, "ಜೋರಾಗೇ ಬಾರವ್ವ, ಹುಳ್ಳಿ ಚೆಂದಾಗಿ ಉದುರ್ತದೆ," ಅಂದಳು.

ಮಿಲ್ಲಿನ ಅಂಗಳಕ್ಕೆ ನಾನು ಕಾರು ತಂದು ನಿಲ್ಲಿಸಿದಾಗ ಭತ್ತದ ಗಾಡಿಗಳು ಸಾಲಾಗಿ ನಿಂತಿದ್ದವು. ಹೊಸ ಬಣ್ಣ ಹೊಡೆದಿರಲಿಲ್ಲ. ಮಾಸಿದ ಕೆಂಪು, ಜಜ್ಜಿದ್ದನ್ನು ಬಡಿದು ನೇರ ಮಾಡಿದ ಮೂತಿ ಹಾಗೇ ಕಾಣುತ್ತಿತ್ತು. ಸಾಹುಕಾರ ಹೊರಗೆ ಬಂದ. ಕೂದಲು ಬೆಳ್ಳಗಾಗಿತ್ತು. ಕಾರು ನೋಡಿ, ನನ್ನನ್ನು ನೋಡಿ, "ಯಾರಮ್ಮ ನೀನು?" ಅಂದ.

"ಬ್ರೇಕ್ ಸಾಬ್ರ ಮಗಳು. ನಿಮ್ಮದೇ ಕಾರು ಇದು ಸಾಹುಕಾರ್ರೇ. ಒಂದು ರೌಂಡ್ ಬನ್ನಿ, ಈಗ ಎಂಗೆ ಹಿಡೀತದೆ ನೋಡೋರಂತೆ."

ಆತ ಕೆಲಸವಿದೆ ಅಂದ. ಚೀಲದ ಮೇಲೆ ಕೂತಿದ್ದ ರೈತನೊಬ್ಬ, "ಓಗ್ಬನ್ನಿ ಸಾವ್ಕಾರ್ರೇ, ಹೆಣ್ಣುಮಗಳು ಕರೀತಾವ್ಳೆ, ಎದ್ರಿಕೇನಾ?" ಅಂದ. ಜನ ನಕ್ಕರು. ನಕ್ಕ ಮೇಲೆ ಆತನಿಗೆ ಬೇರೆ ದಾರಿ ಇರಲಿಲ್ಲ. ಬಂದು ಕೂತ.

ದಾರಿಯಲ್ಲಿ ಆತ, ಅಬ್ಬಾ ಹೇಗಿದ್ದಾರೆ ಅಂತ ಒಂದು ಸಲ ಕೇಳಿದ. ಮಿಕ್ಸಿ ರಿಪೇರಿ ಮಾಡುತ್ತಾರೆ ಅಂದೆ. ಕೆರೆ ಏರಿ ಬಂತು. ದೂರದಲ್ಲಿ ಟವಲು ಬೀಸಿದ್ದು ಕಂಡಿತು. ಎಲ್ಲಿಗೆ ಬಂದಿದ್ದೇವೆಂದು ಆತನಿಗೆ ಆಗ ಹೊಳೆಯಿತು. ಬ್ಯಾಡ ಕಣಮ್ಮ, ಬ್ಯಾಡ ಅನ್ನುತ್ತಿದ್ದಂತೆಯೇ ಎಂಬತ್ತಕ್ಕೆ ಏರಿಸಿ, ಆ ಗೆರೆಗಳು ಬಿದ್ದಿದ್ದ ಜಾಗದಲ್ಲೇ ಪೂರ್ತಿ ಬ್ರೇಕ್ ಒತ್ತಿದೆ. ಪೆಡಲು ಒದೆಯಿತು. ಹುರುಳಿ ಬಳ್ಳಿ ಎರಡೂ ಕಡೆ ಚಿಮ್ಮಿತು. ಆತ ಎರಡೂ ಕೈಯಲ್ಲಿ ಬಾಗಿಲು ಹಿಡಿದು ಕಣ್ಣು ಮುಚ್ಚಿಕೊಂಡ. ಸ್ಟೀರಿಂಗ್ ತಿರುಗಿಸಿದೆ, ಕಾರು ಮೋರಿಯನ್ನು ಬಲಕ್ಕೆ ಬಿಟ್ಟು ತಿರುವನ್ನು ಸುತ್ತಿ, ಬಳ್ಳಿಯ ಆಚೆ ಬದಿ ಬಂದು ನಿಂತಿತು. ಎಂಜಿನ್ ಆರಿಸಿದೆ. ಆತ ಉಸಿರಾಡುವುದು ಕೇಳಿಸುತ್ತಿತ್ತು. ಅದನ್ನು ಕೇಳಿ ನನಗೆ ಆದ ಸುಖವನ್ನು ಮುಚ್ಚಿಡುವುದಿಲ್ಲ.

ಆಮೇಲೆ ಬಗ್ಗಿ ಆತನ ಕಣ್ಣೆದುರಿಗೇ ಫ್ಯೂಸ್ ಕಿತ್ತೆ. ಅಂಗೈಯಲ್ಲಿ ಹಿಡಿದು ತೋರಿಸಿದೆ. ಈಗ ಬ್ರೇಕು ಅಂದಿನ ಹಾಗೇ ಇದೆ, ಹಿಡಿಯುತ್ತದೆ, ಚಕ್ರ ಬಿಗಿಯುತ್ತದೆ, ಅಷ್ಟೆ, ಅಂದೆ. ಇಳಿದು ಕೀ ಆತನ ಮುಂದೆ ಹಿಡಿದೆ.

"ಎರಡು ದಾರಿ ಅವೆ ಸಾಹುಕಾರ್ರೇ. ಆವತ್ತು ಎಷ್ಟು ಜೋರಲ್ಲಿ ಬಂದಿದ್ರೋ ಅಷ್ಟೇ ಜೋರಲ್ಲಿ ಒಂದು ಸಲ ನೀವೇ ಬನ್ನಿ. ಇಲ್ಲ ಅಂದ್ರೆ ನಮ್ಮಪ್ಪ ಎಲ್ಲಿ ನಿಂತಿದ್ರೋ ಅಲ್ಲೇ ನಿಂತು ಇದ್ದದ್ದು ಹೇಳಿ."

ಆತ ಕೀ ಮುಟ್ಟಲಿಲ್ಲ. ಮೋರಿಯ ಕಡೆ ನೋಡಿದ. ಟವಲಿನ ಹೆಂಗಸು ಹತ್ತಿರ ಬಂದು ನಿಂತಿದ್ದಳು. "ತಪ್ಪು ನಂದೇ ಕಣಮ್ಮ," ಅಂದ ಮೆಲ್ಲಗೆ. "ಅಕ್ಕನ ಮುಖ ನೋಡಕಾಗ್ದೆ ಅಂಗಂದ್ಬುಟ್ಟೆ. ಈ ವಯಸ್ಸಲ್ಲಿ ಎಲ್ಲರ ಮುಂದೆ ಯಂಗಮ್ಮ..."

"ನಮ್ಮಪ್ಪಂಗೂ ಆವತ್ತು ಇದೇ ವಯಸ್ಸು," ಅಂದೆ.

ಆತ ಇಳಿದು ಬಸ್ಸು ಹತ್ತಬಹುದಿತ್ತು. ಆದರೆ ಅಂಗಳದಲ್ಲಿ ಜನ ಕಾಯುತ್ತಿದ್ದರು. ಕಾರು ಬಿಟ್ಟು ಬಸ್ಸಿನಲ್ಲಿ ಬಂದರೆ ಏನಾಯಿತೆಂದು ಅವರು ಕೇಳದೆ ಬಿಡುತ್ತಿರಲಿಲ್ಲ. ಆತನೂ ಅದನ್ನೇ ಲೆಕ್ಕ ಹಾಕಿದನೆಂದು ಕಾಣುತ್ತದೆ. ನಡಿಯಮ್ಮ ಅಂದ. ಫ್ಯೂಸನ್ನು ಮತ್ತೆ ಹಾಕಿ ನಿಧಾನವಾಗಿ ಓಡಿಸಿಕೊಂಡು ಬಂದೆ.

ಅಂಗಳದಲ್ಲಿ ಆತ ಮೊದಲು ನಗುನಗುತ್ತ, ಬ್ರೇಕ್ ಸಾಬರದ್ದು ಏನೂ ತಪ್ಪಿರಲಿಲ್ಲ ಬುಡಿ, ಆಗಿದ್ದು ಆಗೋಯ್ತು ಅಂತ ತೇಲಿಸಿಬಿಟ್ಟ. ನಾನು ಕಾರಿನಿಂದ ಇಳಿಯಲೂ ಇಲ್ಲ, ಹೊರಡಲೂ ಇಲ್ಲ. ಪೂರ್ತಿ ಹೇಳಿ ಅಂದೆ. ನಗು ನಿಂತಿತು. ಶಾಕ್ ಅಬ್ಸಾರ್ಬರ್ ಹೋಗಿದೆಯೆಂದು ಸಾಬರು ಹೇಳಿದ್ದರು, ನಾನು ಕೇಳಲಿಲ್ಲ, ಜೋರಾಗಿ ಬಂದವನು ನಾನು, ಬ್ರೇಕು ಹಿಡಿದೇ ಇತ್ತು, ಸುಳ್ಳು ಹೇಳಿ ಅವರನ್ನು ಇಲ್ಲಿ ನಿಲ್ಲಿಸಿದವನೂ ನಾನೇ ಅಂತ ಒಂದೊಂದಾಗಿ ಹೇಳಿದ. ಯಾರೂ ನಗಲಿಲ್ಲ. ಆತನ ಅಂಗಿಯ ತೋಳಿಗೆ ಹುರುಳಿ ಸಿಪ್ಪೆ ಅಂಟಿತ್ತು. ಬಾಗಿಲಲ್ಲಿ ಆತನ ಅಕ್ಕ ನಿಂತಿದ್ದರು. ಕೇಳಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಅವರನ್ನು ನೋಯಿಸಬೇಕೆಂದು ನಾನು ಬಂದಿರಲಿಲ್ಲ. ಆದರೆ ನೋಯಿಸದೆ ಬೇರೆ ದಾರಿಯೂ ಇರಲಿಲ್ಲ.

ಅದೇ ಸಂಜೆ ಆ ಕಾರಿನಲ್ಲೇ ಹುಣಸೂರಿಗೆ ಹೋಗಿ ಅಬ್ಬಾನಿಗೆ ಹೇಳಿದೆ. ಜಗುಲಿಯಲ್ಲಿ ಬರ್ನರು ತೊಳೆಯುತ್ತ ಕೂತಿದ್ದವರು ಕೈ ನಿಲ್ಲಿಸಿ ಕೇಳಿದರು. ಖುಷಿಪಡುತ್ತಾರೆ ಅಂದುಕೊಂಡಿದ್ದೆ. ಕೊನೆಯವರೆಗೂ ಕೇಳಿ, "ಫ್ಯೂಸ್ ತೆಗೆದು ಕೀ ಕೊಟ್ಯಾ?" ಅಂದರು.

ಆತ ಓಡಿಸುವುದಿಲ್ಲ ಅಂತ ನನಗೆ ಗೊತ್ತಿತ್ತು ಅಂದೆ.

"ಓಡಿಸಿದ್ರೆ?"

ನನ್ನ ಹತ್ತಿರ ಇದ್ದ ಉತ್ತರ ಅಬ್ಬಾನ ಎದುರು ಹೇಳುವಂಥದ್ದಲ್ಲ. ಓಡಿಸಿದ್ದರೆ ಓಡಿಸಲಿ ಅಂತಲೇ ನಾನು ಕೀ ಹಿಡಿದಿದ್ದೆ. "ಬ್ರೇಕ್ ಕೆಲ್ಸ ಮಾಡೋರು ಬ್ರೇಕ್ ಕಿತ್ತು ಕೊಡಬಾರ್ದು," ಅಂದು ಅಬ್ಬಾ ಮತ್ತೆ ಬರ್ನರು ತೊಳೆಯತೊಡಗಿದರು. ಸ್ವಲ್ಪ ಹೊತ್ತಿನ ಮೇಲೆ, ಬುಷ್ ಯಾವುದು ಹಾಕಿದೆ, ರಿಂಗು ಹೇಗೆ ಕೂರಿಸಿದಿರಿ ಅಂತ ಒಂದೊಂದೇ ವಿಚಾರಿಸಿದರು. ಎದ್ದು ಬಂದು ಕಾರಿನೊಳಗೆ ಮಾತ್ರ ಕೂರಲಿಲ್ಲ. ನಾನೂ ಕರೆಯಲಿಲ್ಲ. ಅಬ್ಬಾ ಹೇಳಿದ್ದು ಸರಿ ಅಂತ ನನಗೆ ಗೊತ್ತು. ಆದರೂ ಆ ದಿನ ಮತ್ತೆ ಬಂದರೆ ಮತ್ತೆ ಹಾಗೇ ಮಾಡುತ್ತೇನೆ.

ಮಿಲ್ಲಿನ ಕೆಲಸ ಮಾರನೆಯ ವಾರವೇ ನಿಂತಿತು. ಲೇತು ಎರಡು ತಿಂಗಳು ಅರ್ಧ ದಿನ ಸುಮ್ಮನೆ ನಿಂತಿರುತ್ತಿತ್ತು. ಆಮೇಲೆ ಸುತ್ತಲಿನ ಟ್ರ್ಯಾಕ್ಟರುಗಳು ಬರತೊಡಗಿದವು. ಗಂಡ ಒಮ್ಮೆಯೂ ಆ ಮಾತು ಎತ್ತಲಿಲ್ಲ. ಅಬ್ಬಾನ ಹತ್ತಿರ ಹುಣಸೂರಿನ ಇಬ್ಬರು ಬಸ್ ಮಾಲೀಕರು ಹೋಗಿ ಮತ್ತೆ ಶುರುಮಾಡಿ ಅಂತ ಕೇಳಿಕೊಂಡರಂತೆ. ಕಣ್ಣು ಮಂಜಾಗಿದೆ ಅಂತ ಹೇಳಿ ಚಹಾ ಕುಡಿಸಿ ಕಳಿಸಿದರಂತೆ.

ಹೋದ ಬೇಸಿಗೆಯಲ್ಲಿ ಹುಣಸೂರಿನ ಒಂದು ಮದುವೆ ಮಂಟಪದಲ್ಲಿ ಊಟಕ್ಕೆ ಕೂತಿದ್ದೆ. ಎದುರು ಸಾಲಿನಲ್ಲಿ ಸಾಹುಕಾರ ಬಂದು ಕೂತ. ನನ್ನನ್ನು ಕಂಡು ಎಲೆಯ ಮೇಲೆ ಕಣ್ಣಿಟ್ಟ, ಬಡಿಸುವವರು ಕೇಳಿದರೂ ಮೇಲೆ ನೋಡಲಿಲ್ಲ. ನಾನು ಕಣ್ಣು ತೆಗೆಯಲಿಲ್ಲ. ಪಾಯಸ ಮುಟ್ಟದೆ ಎದ್ದುಹೋದ. ನಾನು ಇನ್ನೊಂದು ಸಲ ಹಾಕಿಸಿಕೊಂಡು ಉಂಡೆ.